ಅವಸರದ ಸಾಲ

ಕಳೆದ ವರ್ಷ ಕಾಶಿಯಲ್ಲಿ ಒಂದು ವಿಚಾರಗೋಷ್ಠಿ ಮುಗಿಸಿ ಬೆಂಗಳೂರಿಗೆ ಹಿಂದಿರುಗುವಾಗ ದಿಲ್ಲಿಯಲ್ಲಿ ವಿಮಾನ ಬದಲಿಸಬೇಕಾಗಿತ್ತು. ಎರಡು ಪ್ರಯಾಣಕ್ಕೂ ಸೇರಿ ಒಂದೇ ಟಿಕೆಟ್ಟು ದೊರೆಯುತ್ತಿತ್ತು. ಬೇರೆಬೇರೆಯಾಗಿ ಕೊಂಡರೆ 1,800 ರೂಪಾಯಿ ಉಳಿಯುತ್ತದೆಂದು ಹಾಗೆಯೇ ಕೊಂಡೆ. ನಡುವೆ ಒಂದೂವರೆ ಗಂಟೆಯ ಬಿಡುವು. ಕಾಶಿಯ ವಿಮಾನ ಮುಕ್ಕಾಲು ಗಂಟೆ ತಡವಾಗುವವರೆಗೆ ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ವಿಮಾನ ಹೊರಡುವ ಹೊತ್ತು ಬೇರೆ, ಗೇಟು ಮುಚ್ಚುವ ಹೊತ್ತು ಬೇರೆ. ನಮ್ಮಲ್ಲಿ ಸಾಮಾನ್ಯವಾಗಿ 20–25 ನಿಮಿಷ ಮೊದಲೇ ಮುಚ್ಚಿಬಿಡುತ್ತಾರೆ. ನಾನು ತಪಾಸಣೆಯ ಸಾಲಿನಲ್ಲಿ ಕೈಮುಗಿಯುತ್ತ ಮುಂದೆ ಸಾಗಿದೆ. ವೃದ್ಧೆಯೊಬ್ಬರು ನಕ್ಕು ದಾರಿ ಬಿಟ್ಟರು. ಅವರ ಮುಂದಿದ್ದ ಯುವಕ ಮಾತ್ರ, “ನಮಗೂ ವಿಮಾನವಿದೆ” ಎಂದು ಅಲುಗಲಿಲ್ಲ. ನನ್ನ ಚೀಲದಲ್ಲಿದ್ದ ಗಂಗಾಜಲದ ತಾಮ್ರದ ಗಿಂಡಿಯನ್ನು ಕಂಡು ಅಧಿಕಾರಿ ಚೀಲವನ್ನು ಪೂರ್ತಿ ಬಿಚ್ಚಿಸಿದ. ಸಾಲು ಅಲ್ಲಿಯೇ ನಿಂತಿತು.

ನನಗೆ ವಿಮಾನ ಸಿಕ್ಕಿತು. ಒಳಗೆ ಹೋಗುವಾಗ ತಿರುಗಿ ನೋಡಿದರೆ, ಪಕ್ಕದ ಗೇಟಿನಲ್ಲಿ ಆ ವೃದ್ಧೆ ಏದುಸಿರು ಬಿಡುತ್ತ ಅಂಗಲಾಚುತ್ತಿದ್ದರು. ಗೇಟು ಮುಚ್ಚಿತ್ತು. ಅದು ನನ್ನಿಂದಲೇ ಆಯಿತೋ, ಅವರೇ ತಡವಾಗಿ ಬಂದಿದ್ದರೋ ಹೇಳಲಾರೆ. ನಾನು ನಿಲ್ಲದೆ ಹೋದೆನೆಂಬುದು ಮಾತ್ರ ನಿಜ.

ನಾನು ಕೇಳಿದೆ, ಅವರು ಕೊಟ್ಟರು. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಸಮಾಧಾನ ಹೇಳಿಕೊಂಡೆ. ಆದರೆ ಒಂದು ಮಾತಿದೆ. ವಿಮಾನ ಬದಲಿಸಲು ಕನಿಷ್ಠ ಇಷ್ಟು ಹೊತ್ತು ಬೇಕೆಂದು ಪ್ರತಿಯೊಂದು ನಿಲ್ದಾಣಕ್ಕೂ ಒಂದು ಲೆಕ್ಕವುಂಟು. ಒಂದೇ ಟಿಕೆಟ್ಟಾದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಏರಿಸುವ ಹೊಣೆ ಕಂಪನಿಯದು. ಬೇರೆ ಟಿಕೆಟ್ಟಾದರೆ ಆ ಹೊಣೆ ಪ್ರಯಾಣಿಕನದೇ. ನಾನು ಉಳಿಸಿದ 1,800 ರೂಪಾಯಿ ಆ ಹೊಣೆಯ ಬೆಲೆಯಾಗಿತ್ತು. ಹಣವನ್ನು ಜೇಬಿನಲ್ಲಿಟ್ಟುಕೊಂಡು ಹೊಣೆಯನ್ನು ಸಾಲಿನಲ್ಲಿದ್ದವರ ಮೇಲೆ ಹೊರಿಸಿದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಅದನ್ನು ತೆತ್ತವರಾದರೂ ಯಾರು? ಒರಟಾಗಿ ಇಲ್ಲವೆಂದ ಯುವಕ ಏನನ್ನೂ ಕಳೆದುಕೊಳ್ಳಲಿಲ್ಲ. ಇಲ್ಲವೆನ್ನಲಾರದ ಮೃದುಸ್ವಭಾವದವರೇ ತೆರಬೇಕಾಯಿತು. ಸಾವಿನ ಮನೆಗೆ ಓಡುತ್ತಿರುವವನು ದಾರಿ ಕೇಳಿದರೆ ಕೊಡುವುದು ಧರ್ಮ. ನನ್ನ ಅವಸರವಾದರೋ ವಿಧಿ ತಂದದ್ದಲ್ಲ, ನಾನೇ ಮನೆಯಲ್ಲಿ ಕುಳಿತು ಕೊಂಡುಕೊಂಡದ್ದು.

ಈಗ ನಾನು ಎರಡು ವಿಮಾನಗಳ ನಡುವೆ ಮೂರು ಗಂಟೆ ಬಿಟ್ಟುಕೊಳ್ಳುತ್ತೇನೆ. ನಿಲ್ದಾಣದಲ್ಲಿ ಪುಸ್ತಕ ಹಿಡಿದು ಕುಳಿತಿರುವವನನ್ನು ಕಂಡು ಸಹೋದ್ಯೋಗಿಗಳು ನಗುತ್ತಾರೆ. ಹೊಸ ಸಾಲ ಮಾಡದಿರಲು ಇಷ್ಟು ಸಾಕು. ಹಳೆಯದು ಮಾತ್ರ ಹಾಗೆಯೇ ಉಳಿದಿದೆ; ತೀರಿಸೋಣವೆಂದರೆ ಆಕೆಯ ಹೆಸರೂ ನನಗೆ ಗೊತ್ತಿಲ್ಲ.