ನೋವಿರುವವರಿಗೆ ‘ನಡೀರಿ’ ಅನ್ನಬಹುದೇ?

ಮೊಣಕಾಲ ನೋವಿನ ಬಗ್ಗೆ ನಮ್ಮ ಮನೆಗಳಲ್ಲಿ ಆಡುವ ಮಾತುಗಳಲ್ಲಿ ಹೆಚ್ಚು ಕೆಡುಕು ಮಾಡಿದ್ದು ‘ಸವೆತ’ ಎಂಬ ಒಂದು ಶಬ್ದ ಎಂದು ನನಗೆ ಅನ್ನಿಸುತ್ತದೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ‘ಸವೆದಿದೆ’ ಅಂದರೆ ಮುಗಿಯಿತು. ಚಪ್ಪಲಿಯ ಹಿಮ್ಮಡಿ ಸವೆಯುತ್ತದೆ, ಒರಳು ಸವೆಯುತ್ತದೆ, ಹಾಗೆಯೇ ಮೊಣಕಾಲೂ. ಸವೆದದ್ದನ್ನು ನಾವು ಕಡಿಮೆ ಬಳಸುತ್ತೇವೆ, ಹಬ್ಬ ಹುಣ್ಣಿಮೆಗೆ ಮಾತ್ರ ಹೊರಗೆ ತೆಗೆಯುತ್ತೇವೆ. ಊರು ಬಿಟ್ಟು ಬಂದು, ಒಂದೇ ಖೋಲಿಯಲ್ಲಿ ಏಳೆಂಟು ಜನ ಇದ್ದುಕೊಂಡು, ಪೈಸೆಗೆ ಪೈಸೆ ಕೂಡಿಸಿ ಮನೆ ಮಾಡಿಕೊಂಡ ಪೀಳಿಗೆಗೆ ಈ ಲೆಕ್ಕ ತಾನಾಗಿಯೇ ಹೊಳೆಯುತ್ತದೆ. ಉಳಿಸಿದರೆ ಉಳಿಯುತ್ತದೆ.

ಕೀಲಿನ ಲೆಕ್ಕ ಬೇರೆ. ಎಲುಬಿನ ತುದಿಗೆ ಹೊದಿಸಿದ ಆ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಊಟ ಸಿಗುವುದು ಮುಖ್ಯವಾಗಿ ಕೀಲೊಳಗಿನ ದ್ರವದಿಂದ. ಹೆಜ್ಜೆ ಇಟ್ಟಾಗ ಭಾರಕ್ಕೆ ಒತ್ತಿಕೊಳ್ಳುತ್ತದೆ, ಎತ್ತಿದಾಗ ಹಗುರಾಗುತ್ತದೆ. ಈ ಒತ್ತು-ಬಿಡುಗಳ ನಡುವೆಯೇ ದ್ರವ ಒಳಗೆ ಹೋಗಿ ಬರುವುದು. ಕಾಲನ್ನು ಸುಮ್ಮನೆ ಕೂರಿಸಿದರೆ ಆ ಊಟ ತಪ್ಪುತ್ತದೆ. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಕರಗುತ್ತದೆ, ಅದು ಹೊರಬೇಕಾದ ಭಾರವೂ ಕೀಲಿನ ಮೇಲೆ ಬೀಳುತ್ತದೆ, ನೋವು ಹೆಚ್ಚುತ್ತದೆ, ಇನ್ನಷ್ಟು ಕೂರುತ್ತೇವೆ. ಇನ್ನೊಂದು ಮಾತು: ಮೃದ್ವಸ್ಥಿಗೆ ನರಗಳೂ ಇಲ್ಲ. ನೋವು ಹುಟ್ಟುವುದು ಅದರ ಕೆಳಗಿನ ಎಲುಬಿನಿಂದ, ಕೀಲಿನ ಒಳಪೊರೆಯಿಂದ, ಸುತ್ತಲಿನ ಭಾಗಗಳಿಂದ. ಹಾಗಾಗಿಯೇ ಎಕ್ಸ್‌ರೇಯಲ್ಲಿ ಪೂರ್ತಿ ಕೆಟ್ಟಂತೆ ಕಾಣುವ ಮೊಣಕಾಲಿನವರು ಮಾರ್ಕೆಟ್ಟಿಗೆ ಹೋಗಿ ಬರುತ್ತಾರೆ, ಹಾಳೆಯಲ್ಲಿ ಅಷ್ಟೇನೂ ಕಾಣದವರು ರಾತ್ರಿಯಿಡೀ ಹೊರಳಾಡುತ್ತಾರೆ.

ಇಲ್ಲಿಯವರೆಗೆ ಇದು ವೈದ್ಯಕೀಯ. ಇನ್ನು ಮುಂದಿನದು ಕಷ್ಟದ್ದು.

ಡೊಂಬಿವಿಲಿಯಲ್ಲಿ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಗದಗಿನ ಕಡೆಯ ಒಬ್ಬ ವೈನಿ ಇದ್ದಾರೆ. ವಯಸ್ಸು ಅರವತ್ತೇಳು. ಲಿಫ್ಟ್ ಇಲ್ಲ. ಕಳೆದ ವರ್ಷ ಅವರು ಕೆಳಗಿಳಿಯುತ್ತಿದ್ದದ್ದು ವಾರಕ್ಕೊಮ್ಮೆ, ಅದೂ ಮೆಟ್ಟಿಲಿಗೆ ಅಡ್ಡಡ್ಡ ನಿಂತು, ಕಟಕಟೆ ಹಿಡಿದು. ಫಿಸಿಯೋಥೆರಪಿಗೆ ಹೋಗಲು ಶುರುಮಾಡಿದ ಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದರು: ‘ನೂಯ್ತದ ಅಂದ್ರ ಬ್ಯಾಡ ಅಂತ ಮೈ ಹೇಳ್ತದ. ನೋವಿದ್ರೂ ಮಾಡ್ರಿ ಅಂತ ಈ ಹುಡುಗಿ ಹೇಳ್ತಾಳ. ನಾ ಯಾರ ಮಾತು ಕೇಳಲಿ?’

ಇದಕ್ಕಿಂತ ಸ್ಪಷ್ಟವಾಗಿ ಈ ಪ್ರಶ್ನೆಯನ್ನು ಇಡಲು ನನಗೆ ಬರುವುದಿಲ್ಲ. ನೋವು ಎಂಬುದು ನಮಗಿರುವ ಅತಿ ಹಳೆಯ ಸಾಕ್ಷಿ. ಬೆಂಕಿಯಿಂದ ಕೈ ಎಳೆದುಕೊಂಡದ್ದು ಅದನ್ನು ನಂಬಿ, ಮುರಿದ ಕಾಲನ್ನು ಊರದೆ ಇದ್ದದ್ದು ಅದನ್ನು ನಂಬಿ. ವರ್ಷಗಟ್ಟಲೆ ಇರುವ ನೋವು ಮಾತ್ರ ಅದೇ ದನಿಯಲ್ಲಿ ಬೇರೆ ಮಾತಾಡುತ್ತದೆ. ಅಪಾಯವಿದ್ದಾಗಲೂ ಕೂಗುತ್ತದೆ, ಇಲ್ಲದಾಗಲೂ ಕೂಗುತ್ತದೆ. ಫಿಸಿಯೋಗಳು ಸಾಮಾನ್ಯವಾಗಿ ಹೇಳುವ ಅಳತೆ ಸರಳವಾದದ್ದು: ವ್ಯಾಯಾಮ ಮಾಡುವಾಗ ತಡೆಯುವಷ್ಟು ನೋವು ಬರಬಹುದು, ಮರುದಿನದ ಹೊತ್ತಿಗೆ ಅದು ಮೊದಲಿದ್ದಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಮಾಡಿದ್ದು ಹೆಚ್ಚಾಯಿತು, ಕಡಿಮೆ ಮಾಡಿ. ಮೊಣಕಾಲು ಇದ್ದಕ್ಕಿದ್ದಂತೆ ಊದಿ ಬಿಸಿಯಾದರೆ, ಸಿಕ್ಕಿಹಾಕಿಕೊಂಡಂತಾದರೆ, ಡಾಕ್ಟರಿಗೆ ತೋರಿಸಿ. ಅಂದರೆ ನೋವನ್ನು ಅಲಕ್ಷಿಸಿ ಅಂತ ಆಕೆ ಹೇಳುತ್ತಿಲ್ಲ, ಅದನ್ನು ಅಪ್ಪಣೆಯಾಗಿ ತಗೊಳ್ಳದೆ ಸುದ್ದಿಯಾಗಿ ತಗೊಳ್ಳಿ ಅನ್ನುತ್ತಿದ್ದಾಳೆ. ಆ ಸುದ್ದಿ ಓದಬಲ್ಲವರು ವೈನಿ ಒಬ್ಬರೇ. ಹಾಗಾಗಿ ಹುಡುಗಿ ಎಷ್ಟು ಓದಿದ್ದರೂ ಅವಳ ಮಾತು ಅರ್ಧ. ಉಳಿದರ್ಧ ಈ ಮೊಣಕಾಲು ಯಾರದೋ ಅವರದು.

ಅದನ್ನು ಹೇಳಲು ಭಾಷೆ ಬೇಕಲ್ಲ, ಇಲ್ಲಿ ನಮ್ಮಂಥವರಿಗೆ ಇನ್ನೊಂದು ತೊಡಕು. ನಮ್ಮ ಕಡೆ ಮೊಣಕಾಲು ಸೆಳೆಯುತ್ತದೆ, ಚುಚ್ಚುತ್ತದೆ, ಕಟಕಟ ಅನ್ನುತ್ತದೆ, ಹಿಡಿದುಕೊಳ್ಳುತ್ತದೆ, ಜೋಮು ಬರುತ್ತದೆ. ಮರಾಠಿಯಲ್ಲೂ ಇಷ್ಟೇ ಶಬ್ದಗಳಿವೆ, ಆದರೆ ನಲವತ್ತು ವರ್ಷ ತರಕಾರಿಯವರ ಹತ್ತಿರ ಚೌಕಾಸಿ ಮಾಡಿ ಕಲಿತ ಮರಾಠಿಯಲ್ಲಿ ಅವು ಸಿಕ್ಕಿಲ್ಲ. ವೈನಿಗೆ ಅಲ್ಲಿ ಸಿಗುವುದು ಒಂದೇ, ‘ದುಖತಂಯ’. ಹುಡುಗಿ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳುತ್ತಾಳೆ. ವೈನಿ ಮರ್ಯಾದೆಗೆ ‘ಐದು’ ಅನ್ನುತ್ತಾರೆ.

ಹೊಣೆಯ ಮಾತಿಗೆ ಬರುತ್ತೇನೆ. ವ್ಯಾಯಾಮ, ತೂಕ ಇಳಿಸುವುದು ಇವು ಈ ಕಾಯಿಲೆಯ ಮೊದಲ ಚಿಕಿತ್ಸೆ ಎಂದು 2022ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಹೊರತಂದ ಮಾರ್ಗಸೂಚಿಯೂ ಹೇಳುತ್ತದೆ. ಕ್ಲಿನಿಕ್ಕುಗಳಲ್ಲಿ ಕೊಡುವ ‘ಕರೆಂಟು’, ಅಲ್ಟ್ರಾಸೌಂಡ್ ಮುಂತಾದವುಗಳಿಗೆ ಸಾಕಷ್ಟು ಪುರಾವೆ ಇಲ್ಲವೆಂದು ಅವನ್ನು ಬೇಡ ಅನ್ನುತ್ತದೆ. ನಮ್ಮ ಜನಕ್ಕೆ ಇಷ್ಟವಾಗುವುದು ಕರೆಂಟೇ. ಮಲಗಿದರಾಯಿತು, ಬೇರೆಯವರು ಮಾಡುತ್ತಾರೆ. ಇದನ್ನು ಸೋಮಾರಿತನ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಇಪ್ಪತ್ತು ನಿಮಿಷ ಆ ಹೆಂಗಸಿನ ಮೈಯನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಅದು ಆಗಿ ಎಷ್ಟು ವರ್ಷವಾಗಿರುತ್ತದೋ.

ಚಿಕಿತ್ಸೆ ನಮ್ಮ ಕೈಯಲ್ಲಿದೆ ಅಂದ ಕೂಡಲೇ, ಗುಣವಾಗದಿದ್ದರೆ ತಪ್ಪೂ ನಮ್ಮದೇ ಎಂಬ ಮಾತು ಹಿಂದೆಯೇ ಬರುತ್ತದೆ. ಮೊದಲು ‘ಪ್ರಾರಬ್ಧ, ಪಡಬೇಕು’ ಅನ್ನುತ್ತಿದ್ದೆವು, ಈಗ ‘ಎಕ್ಸರ್ಸೈಜ್ ಮಾಡಿಲ್ಲ, ಅದಕ್ಕೇ’ ಅನ್ನುತ್ತೇವೆ. ನೋವಿರುವವರಿಗೆ ಎರಡೂ ಒಂದೇ ಹೊಡೆತ. ವೈನಿಗೆ ಹೇಳಿಕೊಟ್ಟದ್ದು ಹೆಚ್ಚೇನಲ್ಲ: ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ ಐದಾರು ಸೆಕೆಂಡು ಹಿಡಿಯುವುದು, ಕಾಲು ನೆಟ್ಟಗೆ ಮಾಡಿ ಎತ್ತುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು. ಆದರೆ ಮುಂಜಾನೆ ಮಗ ಸೊಸೆ ಇಬ್ಬರೂ ಲೋಕಲ್ ಹಿಡಿಯಬೇಕು, ಡಬ್ಬಿ ಆಗಬೇಕು, ಒಂಬತ್ತಕ್ಕೆ ನೀರು ಹೋಗುತ್ತದೆ. ಒಂದೂವರೆ ಖೋಲಿಯ ಮನೆಯಲ್ಲಿ ಮಲಗಿ ಕಾಲೆತ್ತಲು ಜಾಗ ಬಿಡುಗಡೆಯಾಗುವುದು ಹತ್ತು ಗಂಟೆಗೆ. ಆ ಹೊತ್ತಿಗೆ ಅವರು ನಾಲ್ಕು ತಾಸು ನಿಂತಾಗಿರುತ್ತದೆ. ಪುಣೆಯಲ್ಲಿರುವ ಹಿರಿಮಗ ದಿನಾ ಸಂಜೆ ಫೋನು ಮಾಡಿ ‘ಅವ್ವಾ, ಮಾಡಿದ್ಯೋ ಇಲ್ಲೋ’ ಅಂತ ಕೇಳುತ್ತಾನೆ. ಪ್ರೀತಿಯೇ, ಸಂಶಯವಿಲ್ಲ. ಆದರೂ ‘ಮಾಡೀನಪ್ಪ’ ಅಂತ ಅವರು ಸುಳ್ಳು ಹೇಳುವುದನ್ನು ನಾನು ಕೇಳಿದ್ದೇನೆ. ಸೊಸೆ ಮಾತ್ರ ಏನೂ ಕೇಳಲಿಲ್ಲ. ಒಂದು ದಿನ ಕಣಕ ನಾದುವ ಕೆಲಸ ತಾನು ತಗೊಂಡಳು. ಅಲ್ಲಿಂದ ಆರೂವರೆಗೆ ಟವೆಲ್ ಕೆಳಗಿಳಿಯಿತು. ನೋವಿರುವವರಿಗೆ ನಡೀರಿ ಅನ್ನುವ ಅಧಿಕಾರ ಎಲ್ಲಿಂದ ಬರುತ್ತದೆ ಎಂದು ನಾನು ಹುಡುಕುತ್ತಿದ್ದರೆ, ನನಗೆ ಕಂಡದ್ದು ಆ ಕಣಕದ ಪರಾತದಲ್ಲಿ.

ನಂಬಿಕೆಯ ಪಾತ್ರ ಎಷ್ಟು ಎಂಬುದಕ್ಕೆ ಒಂದು ಸಂಗತಿ. 2002ರಲ್ಲಿ ಅಮೆರಿಕದ ಬ್ರೂಸ್ ಮೋಸ್ಲಿ ಎಂಬ ಸರ್ಜನ್ ಮತ್ತು ಸಂಗಡಿಗರು 180 ಮೊಣಕಾಲು ರೋಗಿಗಳ ಪ್ರಯೋಗವೊಂದನ್ನು ಪ್ರಕಟಿಸಿದರು. ಕೆಲವರಿಗೆ ನಳಿಕೆ ಹಾಕಿ ಕೀಲನ್ನು ತೊಳೆದರು ಅಥವಾ ಕೆರೆದು ಸರಿಮಾಡಿದರು; ಇನ್ನು ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದರು. ಎರಡು ವರ್ಷ ನೋಡಿದರೂ ನಿಜವಾದ ಆಪರೇಷನ್ ಆದವರು ಸುಳ್ಳು ಆಪರೇಷನ್ನಿನವರಿಗಿಂತ ಮೇಲಾಗಲಿಲ್ಲ. ಇದು ಮೋಸವೇ? ಅಲ್ಲ, ತಮಗೆ ಬರೀ ಗಾಯವೇ ಸಿಗಬಹುದೆಂದು ತಿಳಿದು ಅವರು ಒಪ್ಪಿ ಬರೆದುಕೊಟ್ಟಿದ್ದರು. ಆ ಗೌರವ ಅವರಿಗೆ ಸಿಕ್ಕಿತ್ತು. ‘ಹತ್ತು ಸಿಟ್ಟಿಂಗಿನಲ್ಲಿ ಗ್ಯಾರಂಟಿ’ ಎಂದು ಬೋರ್ಡು ಹಾಕುವವರು ಕೊಡದಿರುವುದು ಅದನ್ನೇ.

ಸಹಿಸುವುದನ್ನೇ ದೊಡ್ಡದು ಮಾಡುವವರ ಜೊತೆಗೂ ನನಗೆ ಜಗಳವಿದೆ. ತಿಂಗಳುಗಟ್ಟಲೆ ಸರಿಯಾಗಿ ಮಾಡಿಯೂ ನಿದ್ದೆ ಬಾರದಂಥ ನೋವು ಉಳಿದರೆ ಕೀಲು ಬದಲಿಸಿಕೊಳ್ಳುವುದರಲ್ಲಿ ಸೋಲೇನಿಲ್ಲ. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿದ ಮೇಲೆ ಆ ಖರ್ಚಿನ ಒಂದು ಭಾಗವಾದರೂ ಇಳಿದಿದೆ. ವೈನಿ ಸದ್ಯಕ್ಕೆ ಬೇಡ ಅಂದಿದ್ದಾರೆ. ಮಕ್ಕಳು ಒತ್ತಾಯಿಸಿಲ್ಲ.

ಕೋಲು ಹಿಡಿಯುವ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ನೋವಿರುವುದು ಬಲಗಾಲಾದರೆ ಕೋಲು ಎಡಗೈಯಲ್ಲಿರಬೇಕು, ಆಗ ಭಾರ ಹಂಚಿಹೋಗುತ್ತದೆ ಅಂತ ಹುಡುಗಿ ಹೇಳಿದ್ದಾಳೆ. ‘ಕೋಲು ಹಿಡದ್ರ ಮುದುಕಿ ಅಂತಾರ’ ಅಂತ ಇವರು. ಈಗ ವಾರಕ್ಕೆ ನಾಲ್ಕು ದಿನ ಕೆಳಗಿಳಿಯುತ್ತಾರೆ, ಮಳೆಯಿರಲಿ ಇಲ್ಲದಿರಲಿ, ಎಡಗೈಯಲ್ಲಿ ಉದ್ದನೆಯ ಛತ್ರಿ ಊರಿಕೊಂಡು.