ರೋಗಿಯ ಅನುಭವವೂ ಪ್ರಮಾಣವೇ?

ಯಥಾರ್ಥಜ್ಞಾನಕ್ಕೆ ಸಾಧನವಾದುದೇ ಪ್ರಮಾಣ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂದು ಶಾಸ್ತ್ರಕಾರರು ಅದನ್ನು ವಿಂಗಡಿಸಿರುವರು. ಹೊರಗಿನ ವಸ್ತುಗಳ ವಿಷಯದಲ್ಲಿ ಈ ವಿಂಗಡಣೆಗೆ ಹೆಚ್ಚಿನ ತೊಡಕಿಲ್ಲ. ಮನಸ್ಸಿನ ರೋಗದ ವಿಷಯಕ್ಕೆ ಬಂದಾಗ ಮಾತ್ರ ಒಂದು ಸಂದೇಹ ತಲೆದೋರುತ್ತದೆ. ರೋಗವನ್ನು ಒಳಗೆ ಅನುಭವಿಸುವವನು ರೋಗಿ. ಅದನ್ನು ಹೊರಗಿನ ಲಕ್ಷಣಗಳಿಂದ ಊಹಿಸುವವನು ವೈದ್ಯ. ಹೀಗಿರಲು ವೈದ್ಯನ ಅನುಮಾನವು ಶಾಸ್ತ್ರವೆನಿಸಿ, ರೋಗಿಯ ಪ್ರತ್ಯಕ್ಷವು ಬರಿಯ ಹಲುಬಾಟವೆನಿಸುವುದು ನ್ಯಾಯವೇ? ಮನೋರೋಗಗಳ ಸಂಶೋಧನೆಯಲ್ಲಿ ಆ ರೋಗವನ್ನು ಅನುಭವಿಸಿದವರಿಗೂ ಸ್ಥಾನವಿರಬೇಕೆಂಬ ಮಾತು ಈಚಿನ ದಶಕಗಳಲ್ಲಿ ಹಲವು ದೇಶಗಳಲ್ಲಿ ಕೇಳಿಬಂದಿದೆ. ಅದು ಕೇವಲ ದಯೆಯ ಮಾತೋ, ಅಥವಾ ಅರಿವಿಗೂ ಬೇಕಾದ ಮಾತೋ ಎಂಬುದು ವಿಚಾರಾರ್ಹವಾದುದು.

ಇದಕ್ಕೆ ಇಂಗ್ಲೆಂಡಿನ ಒಂದು ದೃಷ್ಟಾಂತವುಂಟು. ತಲೆಗೆ ವಿದ್ಯುತ್ತನ್ನು ಹಾಯಿಸುವ ಚಿಕಿತ್ಸೆಯು 1938ರಲ್ಲಿ ಇಟಲಿಯ ರೋಮ್ ನಗರದಲ್ಲಿ ಚೆರ್ಲೆಟ್ಟಿ, ಬಿನಿ ಎಂಬ ವೈದ್ಯರಿಂದ ಮೊದಲಾಯಿತು. ಕನ್ನಡ ನಾಡಿನ ಜನ ಅದನ್ನು 'ಕರೆಂಟು ಕೊಡುವುದು' ಎನ್ನುವರು. ಘೋರವಾದ ಖಿನ್ನತೆಯಲ್ಲಿ ಅದು ಅಲ್ಪಕಾಲಕ್ಕಾದರೂ ಗುಣಕಾರಿಯೆಂಬುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಆದರೆ ಅದನ್ನು ಪಡೆದವರು ಏನೆನ್ನುವರು? ಬಹುಮಂದಿ ತೃಪ್ತರಾಗಿರುವರು, ನೆನಪಿಗೆ ಒದಗುವ ಹಾನಿಯು ಲೆಕ್ಕಿಸತಕ್ಕಷ್ಟಲ್ಲ ಎಂಬ ಅಭಿಪ್ರಾಯವು ಅಲ್ಲಿಯ ಮನೋವೈದ್ಯರಲ್ಲಿ ರೂಢವಾಗಿದ್ದಿತು.

2001ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಸೇರಿದ ಮನೋವೈದ್ಯ ಸಂಸ್ಥೆಯಲ್ಲಿ ಒಂದು ಸಂಶೋಧನ ವಿಭಾಗವು ಸ್ಥಾಪಿತವಾಯಿತು. ಮನೋರೋಗಕ್ಕೆ ಚಿಕಿತ್ಸೆ ಪಡೆದವರೇ ಅಲ್ಲಿ ಸಂಶೋಧಕರು. ಆ ವಿಭಾಗದ ಡಯಾನಾ ರೋಸ್ ಎಂಬ ವಿದುಷಿಯೂ ಅವರ ಸಂಗಡಿಗರೂ ವಿದ್ಯುತ್ ಚಿಕಿತ್ಸೆಯನ್ನು ಕುರಿತ ಹಿಂದಿನ ಅಧ್ಯಯನಗಳನ್ನೆಲ್ಲ ಶೋಧಿಸಿ, 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಬರೆದವರಲ್ಲಿ ಆ ಚಿಕಿತ್ಸೆಯನ್ನು ಸ್ವತಃ ಪಡೆದವರೂ ಇದ್ದರು. ವೈದ್ಯರು ನಡೆಸಿದ 26 ಅಧ್ಯಯನಗಳನ್ನೂ, ರೋಗಿಗಳು ತಾವಾಗಿಯೋ ರೋಗಿಗಳೊಡಗೂಡಿಯೋ ನಡೆಸಿದ 9 ಅಧ್ಯಯನಗಳನ್ನೂ ಅವರು ಹೋಲಿಸಿ ನೋಡಿದರು. ಮೊದಲನೆಯವುಗಳಲ್ಲಿ ಕಂಡಷ್ಟು ತೃಪ್ತಿಯು ಎರಡನೆಯವುಗಳಲ್ಲಿ ಕಾಣಲಿಲ್ಲ. ಚಿಕಿತ್ಸೆ ಪಡೆದವರಲ್ಲಿ ಕಡಮೆಯೆಂದರೆ ಮೂರರಲ್ಲೊಂದು ಪಾಲು ಜನ, ಕಳೆದುಹೋದ ನೆನಪು ಮರಳಲಿಲ್ಲವೆಂದು ಹೇಳಿಕೊಂಡಿದ್ದರು.

ಒಂದೇ ಚಿಕಿತ್ಸೆಯ ವಿಷಯದಲ್ಲಿ ಇಂತಹ ಭೇದವೇಕೆ? ವೈದ್ಯರು ಸುಳ್ಳಾಡಿದರೆಂದಲ್ಲ, ರೋಗಿಗಳು ಹೆಚ್ಚಿಸಿ ಹೇಳಿದರೆಂದೂ ಅಲ್ಲ. ಕೇಳಿದ ಪ್ರಶ್ನೆಯೇ ಬೇರೆಯಾಗಿದ್ದಿತು. ಚಿಕಿತ್ಸೆ ಮುಗಿದ ಕೆಲವೇ ದಿನಗಳಲ್ಲಿ, ಆಸ್ಪತ್ರೆಯೊಳಗೇ, ಚಿಕಿತ್ಸೆಯಿತ್ತ ವೈದ್ಯನೇ ಎದುರು ಕುಳಿತು 'ಗುಣವಾಯಿತೇ?' ಎಂದು ಕೇಳಿದರೆ, ರೋಗಿಯು 'ಹೌದು ಸ್ವಾಮಿ' ಎನ್ನದೆ ಮತ್ತೇನೆಂದಾನು? ಬಿಡುಗಡೆಯ ಮಾತೂ ಆ ವೈದ್ಯನ ಕೈಯಲ್ಲೇ ಇರುವುದಷ್ಟೆ. ಇನ್ನು ನೆನಪಿನ ಪರೀಕ್ಷೆಯ ಮಾತು. ಕೆಲವು ಪದಗಳನ್ನು ಓದಿಹೇಳಿ ಮರಳಿ ಹೇಳಿಸುವಂತಹ ಪರೀಕ್ಷೆಯಲ್ಲಿ ಒಬ್ಬ ತಾಯಿಯು ತೇರ್ಗಡೆಯಾಗಬಹುದು. ಮಗಳ ಮದುವೆಯ ದಿನವೇ ಅವಳ ನೆನಪಿನಿಂದ ಅಳಿಸಿಹೋಗಿರಬಹುದು. ಬಳಕೆಯಲ್ಲಿದ್ದ ಪರೀಕ್ಷೆಗಳು ರೋಗಿಗಳು ಹೇಳಿಕೊಂಡ ಈ ಬಗೆಯ ನಷ್ಟವನ್ನು ಅಳೆಯುವಂತಹವೇ ಅಲ್ಲವೆಂದು ಪ್ರಬಂಧವು ತೋರಿಸಿಕೊಟ್ಟಿತು. ಬಟ್ಟೆಯನ್ನಳೆಯುವ ಗಜದಿಂದ ಹಾಲನ್ನಳೆಯಲು ಹೊರಟು, ಹಾಲೇ ಇಲ್ಲವೆಂದು ತೀರ್ಮಾನಿಸಿದಂತಾಗಿದ್ದಿತು.

ಇಲ್ಲಿ ಪೂರ್ವಪಕ್ಷವೊಂದುಂಟು: ಕಣ್ಣೇ ಕೆಟ್ಟವನು ಬಣ್ಣಕ್ಕೆ ಸಾಕ್ಷಿಯಾಗಬಲ್ಲನೇ? ಮನಸ್ಸೇ ರೋಗಗ್ರಸ್ತವಾದ ಮೇಲೆ ಅವನ ಮಾತು ಆಪ್ತವಾಕ್ಯವಾಗುವುದು ಹೇಗೆ? ಇದಕ್ಕೆ ಸಮಾಧಾನ ಕಷ್ಟವಲ್ಲ. ಕಣ್ಣು ಕೆಟ್ಟವನು ಬಣ್ಣದ ವಿಷಯದಲ್ಲಿ ತಪ್ಪಬಹುದು. ತನ್ನ ಕಣ್ಣು ಉರಿಯುತ್ತಿದೆ ಎಂಬುದರಲ್ಲಿ ತಪ್ಪಲಾರನು. ಅಲ್ಲದೆ ಮನೋರೋಗವು ಎಲ್ಲರಲ್ಲಿಯೂ ಎಲ್ಲ ಕಾಲದಲ್ಲಿಯೂ ವಿವೇಕವನ್ನು ಮುಚ್ಚಿರುವುದಿಲ್ಲ. ಗುಣಮುಖನಾದವನು ಹಿಂದಿನ ದುಃಖವನ್ನು ವಿಮರ್ಶಿಸಿ ಹೇಳಬಲ್ಲನು.

ಹಾಗೆಂದು ಅನುಭವವೊಂದೇ ಸಾಕೆನ್ನುವುದೂ ಸಮಂಜಸವಲ್ಲ. ಒಬ್ಬನಿಗಾದುದು ಎಲ್ಲರಿಗೂ ಆಗಬೇಕೆಂಬ ನಿಯಮವಿಲ್ಲ. ಅದೇ ಚಿಕಿತ್ಸೆಯಿಂದ ಜೀವವುಳಿಯಿತೆನ್ನುವವರೂ ಇರುವರು; ಅವರ ಅನುಭವವೂ ಅನುಭವವೇ. ಆದಕಾರಣ ಲಂಡನ್ನಿನ ಸಂಶೋಧಕರು ತಮ್ಮ ನೋವನ್ನಷ್ಟೇ ಬರೆದು ಸುಮ್ಮನಾಗಲಿಲ್ಲ. ಇತರರ ಮಾತುಗಳನ್ನು ಕ್ರಮವಾಗಿ ಸಂಗ್ರಹಿಸಿ, ತೂಗಿ, ಎಣಿಸಿ ಪರೀಕ್ಷೆಗೊಡ್ಡಿದರು. ಅನುಭವವು ತಕ್ಕ ಪ್ರಶ್ನೆಯನ್ನು ಕೊಟ್ಟಿತು. ಶಾಸ್ತ್ರವು ಅದನ್ನು ಒರೆಗೆ ಹಚ್ಚಿತು. ಒಂದಿಲ್ಲದೆ ಇನ್ನೊಂದು ಕುಂಟು.

ಶರಣರ ಮಾರ್ಗವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಓದಿನ ಹಿರಿಮೆಯಿಲ್ಲದ ಕಾಯಕಜೀವಿಗಳ ನುಡಿಗೂ ಅಲ್ಲಿ ಬೆಲೆಯಿದ್ದಿತು. ಅದು ಅವರ ಮೇಲಿನ ಕನಿಕರದಿಂದ ಬಂದ ಬೆಲೆಯಲ್ಲ. ಅವರು ಕಂಡುಂಡುದನ್ನು ಅವರಿಂದಲೇ ಕೇಳಬೇಕಾಗಿದ್ದುದರಿಂದ ಬಂದ ಬೆಲೆ.

ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಮನೋರೋಗಿಗಳನ್ನು ಸಂಶೋಧನೆಗೆ ಒಳಪಡಿಸುವ ಮುನ್ನ ತಿಳಿವಳಿಕೆಯಿಂದ ಕೂಡಿದ ಅವರ ಒಪ್ಪಿಗೆಯನ್ನು ಪಡೆಯಬೇಕೆಂದು ವಿಧಿಸಿದೆ. ಕೇಂದ್ರದ ಪ್ರಾಧಿಕಾರದಲ್ಲಿ ಮನೋರೋಗವನ್ನು ಅನುಭವಿಸುತ್ತಿರುವವರ ಅಥವಾ ಅನುಭವಿಸಿದವರ ಪ್ರತಿನಿಧಿಗಳಾಗಿ ಇಬ್ಬರಿಗೆ ಸ್ಥಾನವನ್ನೂ ಇತ್ತಿದೆ. ಇದು ಸ್ತುತ್ಯವಾದುದು. ಆದರೆ ಒಪ್ಪಿಗೆ ಕೇಳುವುದು ಬೇರೆ, ಪ್ರಶ್ನೆಯನ್ನು ಕೂಡಿ ರಚಿಸುವುದು ಬೇರೆ. ಎಲ್ಲ ನಿಶ್ಚಯವಾದ ಮೇಲೆ ರೋಗಿಯೊಬ್ಬನನ್ನು ಸಭೆಯ ಅಂಚಿನಲ್ಲಿ ಕೂರಿಸಿ ಸಹಿ ಪಡೆದರೆ, ಅದು ಸಹಭಾಗಿತ್ವವಲ್ಲ, ಅಲಂಕಾರ. ಅವನು ವ್ಯಯಿಸುವ ಸಮಯಕ್ಕೆ ತಕ್ಕ ಪ್ರತಿಫಲವಿರಬೇಕು. ಅವನು 'ಈ ಪ್ರಶ್ನೆ ಸರಿಯಲ್ಲ' ಎಂದರೆ ಅದನ್ನು ತಿದ್ದುವ ಮನಸ್ಸು ವಿದ್ವಾಂಸರಿಗಿರಬೇಕು. ರೋಗಿಯನ್ನು ಕರೆಯುವುದು ಸುಲಭ. ಅವನಿಂದ ತಿದ್ದಿಸಿಕೊಳ್ಳುವುದು ಕಠಿಣ. ವಿದ್ಯೆಗೆ ಭೂಷಣವೆಂದು ಹಿರಿಯರು ಹೇಳಿದ ವಿನಯಕ್ಕೆ ಇದಕ್ಕಿಂತ ನಿಜವಾದ ಪರೀಕ್ಷೆ ಬೇರೊಂದಿಲ್ಲ.