ಅಟ್ಟದ ಮೇಲಿನ ಕಾಯಿ

ಅರಸೀಕೆರೆ ಸೀಮೆಯಲ್ಲಿ ತೆಂಗಿನಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಬಲಿತ ಕಾಯಿಯನ್ನು ಸುಲಿಯದೆ, ಒಡೆಯದೆ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಒಳಗಿನ ನೀರು ತಿಂಗಳುಗಟ್ಟಲೆ ಇಂಗುತ್ತ ಹೋಗುತ್ತದೆ, ತಿರುಳು ತಾನಾಗಿ ಚಿಪ್ಪು ಬಿಡುತ್ತದೆ. ಆಗ ಕಿವಿಯ ಬಳಿ ಹಿಡಿದು ಅಲುಗಿಸಿದರೆ ಗಿಟುಕು ಒಳಗೇ ಉರುಳುವ ಸದ್ದು. ನಡುವೆ ಆತುರಪಟ್ಟು ಒಡೆದವನಿಗೆ ಕೊಬ್ಬರಿಯೂ ಇಲ್ಲ, ಚಟ್ನಿಗೆ ಹಸಿಕಾಯಿಯೂ ಇಲ್ಲ.

ಇಂಥ ಅಟ್ಟ ಕಂಡಾಗಲೆಲ್ಲ ನನಗೆ ನೆನಪಾಗುವುದು ಕನ್ನಡದ ‘ಕಾಯು’. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಕಾಯುತ್ತೇವೆ, ಹೊಲದ ಬದುವಿನಲ್ಲಿ ದನ ಕಾಯುತ್ತೇವೆ. ಅಲ್ಲಿ ನಿರೀಕ್ಷೆ, ಇಲ್ಲಿ ರಕ್ಷಣೆ. ಮಾತು ಮಾತ್ರ ಒಂದೇ. (ಹಾಲು ಕಾಯುವುದರ ಧಾತು ಬೇರೆ. ಆದರೂ ವರ್ಷಗಟ್ಟಲೆ ಕಾದವರಿಗೆ ಆ ಬಿಸಿಯೂ ಗೊತ್ತು.)

ದರ್ಶನಗಳು ‘ಶ್ರದ್ಧೆ’ ಎನ್ನುವುದು ಈ ಎರಡು ಅರ್ಥಗಳು ಕೂಡುವ ಜಾಗದಲ್ಲಿದೆ. ವೈದಿಕ ನಿಘಂಟು ‘ಶ್ರತ್’ ಎಂಬುದನ್ನು ಸತ್ಯದ ಹೆಸರುಗಳಲ್ಲಿ ಎಣಿಸುತ್ತದೆ. ಅದನ್ನು ಎದೆಯೊಳಗೆ ಇಟ್ಟುಕೊಳ್ಳುವುದೇ ಶ್ರದ್ಧೆ. ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲಿ, 20ನೇ ಸೂತ್ರದಲ್ಲಿ, ಸಾಧಕನಿಗೆ ಬೇಕಾದವುಗಳನ್ನು ಹೇಳುವಾಗ ಅದನ್ನೇ ಮೊದಲಿಗಿಡುತ್ತಾನೆ. ಅಲ್ಲಿ ವ್ಯಾಸಭಾಷ್ಯ ಕೊಡುವ ಹೋಲಿಕೆ ತಾಯಿಯದು: ಶ್ರದ್ಧೆ ಯೋಗಿಯನ್ನು ಒಳ್ಳೆಯ ತಾಯಿಯಂತೆ ಕಾಯುತ್ತದೆ. ಶ್ರದ್ಧೆಯನ್ನು ಕಾಪಾಡಿಕೊಳ್ಳುವುದು ನಮ್ಮ ಕೆಲಸ ಎಂದುಕೊಂಡಿರುತ್ತೇವೆ. ಭಾಷ್ಯದ ಪ್ರಕಾರ ಅದೇ ನಮ್ಮನ್ನು ಕಾಯುತ್ತಿದೆ. ಯಾವುದರಿಂದ? ಮುಂಚಿತವಾಗಿ ಒಡೆದು ನೋಡುವ ನಮ್ಮದೇ ಕೈಯಿಂದ.

ಹಾಗಾದರೆ ಶ್ರದ್ಧೆ ಕಣ್ಣು ಮುಚ್ಚಿ ನಂಬುವುದೇ? ಕಠೋಪನಿಷತ್ತಿನ ನಚಿಕೇತನನ್ನು ನೋಡಿ. ತಂದೆ ಬತ್ತಿದ ಮುದಿ ಹಸುಗಳನ್ನು ದಾನ ಕೊಡುವಾಗ ಆ ಹುಡುಗನೊಳಗೆ ಶ್ರದ್ಧೆ ಹೊಕ್ಕಿತಂತೆ. ಹೊಕ್ಕ ಕೂಡಲೇ ಅವನು ಮಾಡಿದ್ದು ಪ್ರಶ್ನೆ. ‘ನಿನ್ನನ್ನು ಮೃತ್ಯುವಿಗೆ ಕೊಟ್ಟೆ’ ಎಂದು ತಂದೆ ಹೇಳಿದ ಮೇಲೆ ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದ. ಅವನ ತಾಳ್ಮೆಗೆ ನಿಜವಾದ ಪರೀಕ್ಷೆ ಆ ಮೂರು ರಾತ್ರಿಗಳಲ್ಲ ಎಂದೇ ನನ್ನ ಎಣಿಕೆ. ಮೂರನೆಯ ವರವಾಗಿ ಸಾವಿನ ಗುಟ್ಟು ಕೇಳಿದಾಗ ಯಮ ಮಕ್ಕಳು, ಆನೆ, ಚಿನ್ನ, ದೀರ್ಘಾಯುಸ್ಸು ಎಲ್ಲವನ್ನೂ ಮುಂದಿಟ್ಟ. ಬಯಸಿದ್ದು ಬಾರದೆ ಅದರ ಬದಲಿಗೆ ಬೇರೆಯದು, ಅದೂ ಚೆಂದದ್ದು, ಬಂದು ನಿಲ್ಲುವ ಗಳಿಗೆ ಅದು. ಹುಡುಗ ಒಪ್ಪಲಿಲ್ಲ.

ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿಯ ಬೆಟ್ಟಕ್ಕೆ ಹರಕೆ ಹೊತ್ತು ಹತ್ತುವವರಿದ್ದಾರೆ. ಹರಕೆಯಲ್ಲಿ ಒಂದು ‘ಆದರೆ’ ಇರುತ್ತದೆ: ಮಗುವಾದರೆ, ಕಾಯಿಲೆ ವಾಸಿಯಾದರೆ. ಶ್ರದ್ಧೆಗೆ ಆ ‘ಆದರೆ’ ಇಲ್ಲ. ಹಾಗೆಂದು ಹರಕೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಏದುಸಿರು ಬಿಡುತ್ತ ಮೆಟ್ಟಿಲೇರುವವರಲ್ಲಿ ಎರಡೂ ಬೆರೆತೇ ಇರುತ್ತವೆ. ಶಂಕರರದೆನ್ನುವ ವಿವೇಕಚೂಡಾಮಣಿ ತಾಳ್ಮೆಗೆ ‘ತಿತಿಕ್ಷೆ’ ಎಂದು ಹೆಸರಿಟ್ಟು, ದುಃಖವನ್ನು ಸಹಿಸಬೇಕು, ಅದೂ ಚಿಂತೆ ಗೋಳಾಟಗಳಿಲ್ಲದೆ ಎನ್ನುತ್ತದೆ. ಸಹಿಸುವುದನ್ನು ಹೇಗೋ ಮಾಡಿಯೇವು. ಗೋಳಾಡದೆ ಸಹಿಸುವುದು ನನ್ನಂಥವರಿಗೆ ದುಬಾರಿ.

ಇನ್ನೊಂದು ಸತ್ಯವನ್ನೂ ಹೇಳಬೇಕು. ಅಟ್ಟಕ್ಕೆ ಹಾಕಿದ್ದೆಲ್ಲ ಗಿಟುಕಾಗುವುದಿಲ್ಲ, ಕೆಲವು ಕೊಳೆಯುತ್ತವೆ. ಗುಡಿಗಳ ಕಥೆಯೂ ಹಾಗೆಯೇ. ಬೇಲೂರಿನಲ್ಲಿ 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದೂ ಪೂಜೆ ನಡೆಯುತ್ತಿದೆ. ಅಲ್ಲಿಂದ ಅನತಿದೂರದ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸ 1121ರ ಹೊತ್ತಿಗೆ ಶುರುವಾಯಿತು, ಮುಗಿಯಲೇ ಇಲ್ಲ. 1311ರಲ್ಲಿ ದಿಲ್ಲಿಯ ಸೇನಾನಿ ಮಲಿಕ್ ಕಾಫೂರನ ದಂಡು ಬಂತು. ಗುಡಿಗೆ ಇಂದು ಶಿಖರವಿಲ್ಲ. ಗೋಡೆ ಸುತ್ತುತ್ತ ಹೋದರೆ ಉಳಿ ಅರ್ಧಕ್ಕೆ ನಿಂತ ಕಲ್ಲುಗಳೂ ಸಿಗುತ್ತವೆ. ಮುಗಿದ ಮೂರ್ತಿಗಳ ಹತ್ತಿರ ಹೋಗಿ ಬಗ್ಗಿ ನೋಡಿ: ಕೊರಳ ಸರದಲ್ಲಿ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುತ್ತದೆ.